ಹಾಲಾಡಿಯ ಮಳೆಗಾಲವೂ ಪಂಚಾಂಗದ ಋತುಗಳೂ

ಜ್ಯೇಷ್ಠಾಷಾಢಗಳು ಗ್ರೀಷ್ಮವೆಂದೂ ಶ್ರಾವಣಭಾದ್ರಪದಗಳು ವರ್ಷರ್ತುವೆಂದೂ ಕಾವ್ಯಪಾಠದಲ್ಲಿ ಹೇಳಿಕೊಡುವುದು ವಾಡಿಕೆಯಾಗಿದೆ. ಗ್ರೀಷ್ಮವರ್ಣನೆಯಲ್ಲಿ ಕೆರೆಗಳು ಬತ್ತುತ್ತವೆ, ನೆಲ ಬಿರಿಯುತ್ತದೆ, ಮೃಗಗಳು ಮರೀಚಿಕೆಯನ್ನು ನೀರೆಂದು ಭ್ರಮಿಸಿ ಓಡುತ್ತವೆ. ಆದರೆ ಕುಂದಾಪುರ ತಾಲ್ಲೂಕಿನ ಹಾಲಾಡಿಯಂತಹ ಊರಿನ ಪಾಠಶಾಲೆಯಲ್ಲಿ ಆಷಾಢಮಾಸದಲ್ಲಿ ಈ ಗ್ರೀಷ್ಮವನ್ನು ವಿವರಿಸಲು ಹೊರಟ ಉಪಾಧ್ಯಾಯರ ಮಾತು, ಮಾಡಿನ ಮೇಲೆ ಸುರಿಯುವ ಮಳೆಯ ಸದ್ದಿನಲ್ಲಿ ಮಕ್ಕಳಿಗೆ ಕೇಳಿಸುವುದೇ ಕಷ್ಟ. ಶಾಸ್ತ್ರವು ಗ್ರೀಷ್ಮವೆನ್ನುವ ಕಾಲದಲ್ಲಿ ಆ ನಾಡಿನ ಗದ್ದೆಗಳು ನೀರಿನಿಂದ ತುಂಬಿರುತ್ತವೆ. ಈ ವಿರೋಧವನ್ನು ಕವಿಸಮಯವೆಂದು ಹೇಳಿ ದಾಟಿಬಿಡುವುದು ಸುಲಭ. ಆದರೆ ಅದು ಸಮಾಧಾನವಲ್ಲ. ವಿರೋಧಕ್ಕೆ ಕಾರಣಗಳುಂಟು, ಅವುಗಳನ್ನು ಲೆಕ್ಕವಾಗಿ ವಿಂಗಡಿಸಿ ತೋರಿಸಲೂ ಸಾಧ್ಯವುಂಟು. ಹಾಲಾಡಿಯ ಹವೆಯನ್ನು ನಿದರ್ಶನವಾಗಿ ಇಟ್ಟುಕೊಂಡು ಆ ಕಾರಣಗಳನ್ನು ವಿಚಾರಿಸುವುದೇ ಈ ಲೇಖನದ ಉದ್ದೇಶ.

1. ಪ್ರದೇಶ

ಹಾಲಾಡಿಯು ಕಡಲ ತಡಿಯ ಊರಲ್ಲ. ಕಡಲಿಗೂ ಘಟ್ಟಕ್ಕೂ ನಡುವೆ ಇರುವ ಊರು. ಕಂದಾಯದ ಲೆಕ್ಕದಲ್ಲಿ 28 ಹಾಲಾಡಿ, 76 ಹಾಲಾಡಿ ಎಂದು ಎರಡು ಗ್ರಾಮಗಳಿವೆ. ಘಟ್ಟದ ಮೇಲೆ ಹುಟ್ಟಿ ಪಡುವಣಕ್ಕೆ ಇಳಿಯುವ ವಾರಾಹೀ ನದಿಯು ಈ ಊರಿನ ಮಗ್ಗುಲಲ್ಲಿ ಹರಿಯುವುದರಿಂದ ಜನರು ಅದನ್ನು ಹಾಲಾಡಿ ಹೊಳೆಯೆಂದೇ ಕರೆಯುತ್ತಾರೆ. ಮುಂದೆ ಅದು ಬಸರೂರಿನ ಬಳಿ ಹಾದು, ಸೌಪರ್ಣಿಕಾ, ಚಕ್ರಾ, ಕುಬ್ಜಾ, ಖೇಟಕಾ ಎಂಬ ನದಿಗಳೊಡನೆ ಕೂಡಿ ಪಂಚಗಂಗಾವಳಿಯೆಂಬ ಹೆಸರಿನಿಂದ ಗಂಗೊಳ್ಳಿಯಲ್ಲಿ ಸಮುದ್ರವನ್ನು ಸೇರುವುದು. ಈ ಭಾಗದ ಕರಾವಳಿಯ ವಿಶೇಷವೆಂದರೆ ಕಡಲಿಗೂ ಘಟ್ಟಕ್ಕೂ ನಡುವಣ ಹರವು ಬಹಳ ಕಿರಿದಾಗಿರುವುದು. 1,343 ಮೀಟರ್ ಎತ್ತರದ ಕೊಡಚಾದ್ರಿಯೇ ಮೊದಲಾದ ಶಿಖರಗಳು ಪಶ್ಚಿಮಸಮುದ್ರಕ್ಕೆ ಎದುರಾಗಿ ನಿಂತ ಗೋಡೆಯಂತಿವೆ. ಹಾಲಾಡಿಯ ಮಳೆಯ ರಹಸ್ಯವೆಲ್ಲ ಈ ಗೋಡೆಯಲ್ಲಿಯೇ ಅಡಗಿದೆ.

2. ಮಳೆಯ ಕಾರಣ

ಬೇಸಗೆಯಲ್ಲಿ ಭರತಖಂಡದ ನೆಲವು ಸಮುದ್ರಕ್ಕಿಂತ ಹೆಚ್ಚಾಗಿ ಕಾಯುವುದು. ಕಾದ ನೆಲದ ಮೇಲಣ ಗಾಳಿ ಹಗುರವಾಗಿ ಮೇಲೇರಲು, ವಾಯುಭಾರ ತಗ್ಗಿದ ಆ ಎಡೆಯನ್ನು ತುಂಬುವುದಕ್ಕೆ ಸಮುದ್ರದಿಂದ ಗಾಳಿ ನುಗ್ಗುವುದು. ಭೂಮಧ್ಯರೇಖೆಯನ್ನು ದಾಟಿ ಬಂದ ಈ ಗಾಳಿಯು ಭೂಮಿಯ ಭ್ರಮಣದಿಂದ ಬಲಕ್ಕೆ ವಾಲಿ ನೈಋತ್ಯದ ಗಾಳಿಯಾಗುತ್ತದೆ. ಅರಬ್ಬೀ ಸಮುದ್ರದ ಮೇಲೆ ಬಹುದೂರ ಬಂದುದರಿಂದ ಅದು ನೀರಾವಿಯಿಂದ ತುಂಬಿರುತ್ತದೆ. ಘಟ್ಟವು ಅಡ್ಡವಾದಾಗ ಮೇಲೇರದೆ ಅದಕ್ಕೆ ಗತಿಯಿಲ್ಲ. ಏರಿದರೆ ತಣಿಯುವುದು, ತಣಿದರೆ ಆವಿಯನ್ನು ಹೊರಲಾರದು. ಘಟ್ಟದ ಪಡುವಣ ಮೈಯಲ್ಲಿ ಮಳೆ ಸುರಿಯುವುದು ಹೀಗೆ.

ಈ ಕಾರಣದಿಂದಲೇ ಕಡಲ ತಡಿಯಿಂದ ಮೂಡಲಿಗೆ ನಡೆದಷ್ಟೂ ಮಳೆ ಹೆಚ್ಚು. ಕರಾವಳಿಯಲ್ಲಿ ವರ್ಷಕ್ಕೆ ಸುಮಾರು 3,500ರಿಂದ 4,500 ಮಿಲ್ಲಿಮೀಟರ್ ಮಳೆಯಾದರೆ ಘಟ್ಟದ ನೆತ್ತಿಯ ಆಗುಂಬೆಯಲ್ಲಿ ಸರಾಸರಿ 7,500 ಮಿಲ್ಲಿಮೀಟರನ್ನು ಮೀರುತ್ತದೆ. ನೆತ್ತಿಯನ್ನು ದಾಟಿದ ಗಾಳಿಯಲ್ಲಿ ಉಳಿಯುವ ನೀರು ಅಲ್ಪ. ಆಗುಂಬೆಯಿಂದ ನೂರು ಕಿಲೋಮೀಟರಿನೊಳಗಿರುವ ಶಿವಮೊಗ್ಗದಲ್ಲಿ ಮಳೆಯು ಸಾವಿರ ಮಿಲ್ಲಿಮೀಟರನ್ನು ಮುಟ್ಟುವುದು ಕಷ್ಟ. ಚಿತ್ರದುರ್ಗದಲ್ಲಿ ಆರುನೂರರ ಆಸುಪಾಸು. ಒಂದೇ ಭಾಷೆಯನ್ನಾಡುವ, ಒಂದೇ ಪಂಚಾಂಗವನ್ನು ಓದುವ ಜನರು ಇಷ್ಟು ಭಿನ್ನವಾದ ಆಕಾಶಗಳ ಕೆಳಗೆ ಬಾಳುತ್ತಿರುವರೆಂಬುದನ್ನು ಮುಂದಿನ ವಿಚಾರಕ್ಕಾಗಿ ನೆನಪಿನಲ್ಲಿಡಬೇಕು.

ಹಾಲಾಡಿಯ ಸೀಮೆಯ ಮಳೆಯಲ್ಲಿ ನೂರಕ್ಕೆ ಎಂಬತ್ತಕ್ಕಿಂತ ಹೆಚ್ಚಿನ ಭಾಗವು ಜೂನ್ ತಿಂಗಳಿಂದ ಸೆಪ್ಟೆಂಬರಿನೊಳಗೆ ಬಿದ್ದುಹೋಗುತ್ತದೆ. ಅದರಲ್ಲಿಯೂ ಜುಲೈ ತಿಂಗಳೇ ಪ್ರಬಲ. ಅಕ್ಟೋಬರಿನಲ್ಲಿ ಮಧ್ಯಾಹ್ನದ ಮೇಲೆ ಗುಡುಗುಸಹಿತವಾದ ಮಳೆ, ಡಿಸೆಂಬರಿನಿಂದ ಮಾರ್ಚಿಯವರೆಗೆ ಬಹುಮಟ್ಟಿಗೆ ಒಣಹವೆ, ಏಪ್ರಿಲ್ ಮೇ ತಿಂಗಳುಗಳಲ್ಲಿ ಬೆವರಿಳಿಸುವ ಸೆಕೆ. ಸೆಕೆಯೆಂದರೂ ಬಯಲುಸೀಮೆಯ ಬಿಸಿಲಲ್ಲ. ಕಡಲು ಹತ್ತಿರವಾದುದರಿಂದ ಹಗಲಿನ ಉಷ್ಣತೆಯು ಬೇಸಗೆಯಲ್ಲಿ ಸುಮಾರು 33 ಅಥವಾ 34 ಡಿಗ್ರಿಗೆ ಏರಿ, ಮಳೆಯ ನಡುವೆ 28 ಅಥವಾ 29ಕ್ಕೆ ಇಳಿಯುವುದು. ಮಾಗಿಯ ಇರುಳುಗಳಲ್ಲಿಯೂ 20ರ ಸುಮಾರಿಗೆ ಮಾತ್ರ ಇಳಿಯುವುದು. ವರ್ಷದುದ್ದಕ್ಕೂ ಬಿಸಿ ತಂಪುಗಳ ಅಂತರ ಸ್ವಲ್ಪ, ನೀರು ಒಣಗುಗಳ ಅಂತರ ಅಪಾರ. ಆದಕಾರಣ ಈ ನಾಡಿನ ಕಾಲವಿಭಾಗವನ್ನು ಆಳುವವನು ಸೂರ್ಯನಿಗಿಂತಲೂ ಹೆಚ್ಚಾಗಿ ಪರ್ಜನ್ಯ.

3. ಮಹಾನಕ್ಷತ್ರಗಳ ಲೆಕ್ಕ

ಚಂದ್ರನು ದಿನಕ್ಕೊಂದರಂತೆ ಸಂಚರಿಸುವ ನಕ್ಷತ್ರವು ನಿತ್ಯನಕ್ಷತ್ರ; ಸೂರ್ಯನು ಹದಿಮೂರು ಹದಿನಾಲ್ಕು ದಿನ ಇರುವ ನಕ್ಷತ್ರವು ಮಹಾನಕ್ಷತ್ರ. ರೈತರು ಮಳೆನಕ್ಷತ್ರವೆನ್ನುವುದು ಈ ಎರಡನೆಯದನ್ನೇ. ಈಗಿನ ಪಂಚಾಂಗಗಳಂತೆ, ಒಂದು ದಿನದ ಹೆಚ್ಚುಕಡಮೆಯೊಡನೆ, ಸೂರ್ಯನು ಭರಣಿಯನ್ನು ಏಪ್ರಿಲ್ 27ಕ್ಕೂ, ಕೃತ್ತಿಕೆಯನ್ನು ಮೇ 11ಕ್ಕೂ, ರೋಹಿಣಿಯನ್ನು ಮೇ 25ಕ್ಕೂ, ಮೃಗಶಿರೆಯನ್ನು ಜೂನ್ 8ಕ್ಕೂ, ಆರ್ದ್ರೆಯನ್ನು ಜೂನ್ 22ಕ್ಕೂ ಪ್ರವೇಶಿಸುವನು. ಅಲ್ಲಿಂದ ಮುಂದೆ ಪುನರ್ವಸು ಜುಲೈ 6, ಪುಷ್ಯ ಜುಲೈ 20, ಆಶ್ಲೇಷೆ ಆಗಸ್ಟ್ 3, ಮಘೆ ಆಗಸ್ಟ್ 17, ಹುಬ್ಬೆ ಆಗಸ್ಟ್ 30, ಉತ್ತರೆ ಸೆಪ್ಟೆಂಬರ್ 13, ಹಸ್ತ ಸೆಪ್ಟೆಂಬರ್ 27, ಚಿತ್ತೆ ಅಕ್ಟೋಬರ್ 10, ಸ್ವಾತಿ ಅಕ್ಟೋಬರ್ 24.

ಚಾಂದ್ರಮಾಸವನ್ನು ಬಿಟ್ಟು ಈ ಲೆಕ್ಕವನ್ನು ಬೇಸಾಯಕ್ಕೆ ಆರಿಸಿಕೊಂಡುದು ಸುಮ್ಮನೆ ಅಲ್ಲ. ಅಧಿಕಮಾಸದ ನಿಮಿತ್ತ ಚಾಂದ್ರಮಾಸದ ಆರಂಭವು ಋತುವಿನ ದೃಷ್ಟಿಯಲ್ಲಿ ಒಂದು ತಿಂಗಳಿನವರೆಗೂ ಹಿಂದೆಮುಂದೆ ಸರಿಯಬಲ್ಲದು. ಸೂರ್ಯನಕ್ಷತ್ರವು ಹಾಗೆ ಸರಿಯದು. ಬಿತ್ತುವವನಿಗೆ ಬೇಕಾದುದು ಈ ಸ್ಥಿರತೆ. ಕರಾವಳಿಯಲ್ಲಿ ಸೌರಮಾನವೇ ಬಳಕೆಯಲ್ಲಿ ಉಳಿದು, ಮೇಷಸಂಕ್ರಮಣದ ವಿಷುವೇ ಹೊಸ ವರ್ಷವಾಗಿರುವುದಕ್ಕೂ ಇದು ಹೊಂದಿಕೆಯಾಗಿದೆ.

ಪಂಚಾಂಗಕರ್ತರು ಪ್ರತಿ ಮಹಾನಕ್ಷತ್ರಕ್ಕೂ ಕುದುರೆ, ನರಿ, ಕಪ್ಪೆ, ನವಿಲು ಮುಂತಾದ ವಾಹನಗಳನ್ನು ಹೇಳಿ, ವರ್ಷದ ಮಳೆಯನ್ನು ಆಢಕಗಳಲ್ಲಿ ನಿರ್ಣಯಿಸಿ, ಅದನ್ನು ಕಡಲಿಗಿಷ್ಟು, ಬೆಟ್ಟಕ್ಕಿಷ್ಟು, ನೆಲಕ್ಕಿಷ್ಟು ಎಂದು ಹಂಚುವುದುಂಟು. ಈ ಫಲಭಾಗವು ಬೇರೆ, ನಕ್ಷತ್ರಗಣನೆಯು ಬೇರೆ. ಮೊದಲನೆಯದು ನಂಬಿಕೆಗೆ ಸೇರಿದುದು. ಎರಡನೆಯದು ಸೌರವರ್ಷವನ್ನು ಇಪ್ಪತ್ತೇಳು ಭಾಗ ಮಾಡಿದ ಶುದ್ಧ ಗಣಿತ. ಒಂದನ್ನು ತಳ್ಳಿಹಾಕುವ ಆತುರದಲ್ಲಿ ಇನ್ನೊಂದನ್ನೂ ತಳ್ಳಿಹಾಕುವುದು ವಿವೇಕವಲ್ಲ.

ಮಳೆಯು ಈ ಗಣಿತಕ್ಕೆ ಕಟ್ಟುಬಿದ್ದಿದೆಯೆಂದೂ ತಿಳಿಯಬಾರದು. ಕೇರಳದ ತೀರಕ್ಕೆ ಮುಂಗಾರು ತಲಪುವ ವಾಡಿಕೆಯ ದಿನ ಜೂನ್ 1. ಅಲ್ಲಿಂದ ನಾಲ್ಕೈದು ದಿನಗಳಲ್ಲಿ ಅದು ಕನ್ನಡ ಕರಾವಳಿಯನ್ನು ವ್ಯಾಪಿಸುವುದು. ಆದರೆ 2023ರಲ್ಲಿ ಅದು ಕೇರಳವನ್ನು ಮುಟ್ಟಿದುದು ಜೂನ್ 8ರಂದು. 2025ರಲ್ಲಿ ಮೇ 24ರಂದು. ಒಂದು ವರ್ಷ ಮೃಗಶಿರೆಯ ಹೊಸ್ತಿಲಲ್ಲಿ, ಇನ್ನೊಂದು ವರ್ಷ ರೋಹಿಣಿಯ ಹೊಸ್ತಿಲಲ್ಲಿ. ಮಧ್ಯೆ ಒಂದು ಪೂರ್ಣ ಮಹಾನಕ್ಷತ್ರದ ಅಂತರ. ಮಳೆನಕ್ಷತ್ರವು ಮಳೆ ಬರುವ ದಿನವನ್ನು ಹೇಳುವುದಿಲ್ಲ. ಮಳೆಗಾಗಿ ಸಿದ್ಧವಾಗಿರಬೇಕಾದ ದಿನವನ್ನು ಹೇಳುವುದು. ಹಳ್ಳಿಯ ಬೇಸಾಯಗಾರನು ಅದನ್ನು ಬಳಸಿರುವುದೂ ಈ ಅರ್ಥದಲ್ಲಿಯೇ.

4. ವರ್ಷರ್ತು ತಡವಾಗುವುದೇಕೆ

ಇನ್ನು ಆರಂಭದಲ್ಲಿ ಎತ್ತಿದ ಪ್ರಶ್ನೆ. ಸಿದ್ಧಾಂತಗ್ರಂಥಗಳ ಕ್ರಮದಂತೆ ಮಕರಸಂಕ್ರಮಣದಿಂದ ಶಿಶಿರವನ್ನು ಹಿಡಿದು ಎರಡೆರಡು ರಾಶಿಗಳಿಗೆ ಒಂದೊಂದು ಋತುವನ್ನು ಎಣಿಸಿದರೆ ಕರ್ಕಾಟಕ ಸಿಂಹಗಳು ವರ್ಷರ್ತುವಾಗುತ್ತವೆ. ಕರ್ಕಾಟಕಸಂಕ್ರಮಣವು ಈಗ ಜುಲೈ 16ರ ಸುಮಾರಿಗೆ ಬರುವುದು. ಹಾಲಾಡಿಯಲ್ಲಿ ಮಳೆ ಹಿಡಿಯುವುದು ಜೂನ್ 5ರ ಸುಮಾರಿಗೆ. ಎಂದರೆ ಶಾಸ್ತ್ರದ ವರ್ಷರ್ತುವು ಮಳೆಗಿಂತ 41 ದಿನ ತಡ. ಮೇಷದಿಂದ ವಸಂತವನ್ನು ಎಣಿಸುವ ಇನ್ನೊಂದು ಸಂಪ್ರದಾಯವನ್ನು ಹಿಡಿದರೆ ಈ ಅಂತರವು ಮತ್ತೂ ಒಂದು ತಿಂಗಳು ಬೆಳೆಯುವುದು.

ಈ 41 ದಿನಗಳಲ್ಲಿ ಎರಡು ಬೇರೆ ಬೇರೆ ಕಾರಣಗಳು ಸೇರಿಕೊಂಡಿವೆ. ಮೊದಲನೆಯದು ಅಯನಚಲನ. ಋತುಗಳು ಅನುಸರಿಸುವುದು ಸೂರ್ಯನ ಉತ್ತರ ದಕ್ಷಿಣ ಗತಿಯನ್ನು, ಅಂದರೆ ಸಾಯನವರ್ಷವನ್ನು. ಪಂಚಾಂಗದ ರಾಶಿನಕ್ಷತ್ರಗಳು ಅನುಸರಿಸುವುದು ತಾರೆಗಳನ್ನು, ಅಂದರೆ ನಿರಯನವರ್ಷವನ್ನು. ಇವೆರಡಕ್ಕೂ ವರ್ಷಕ್ಕೆ ಸುಮಾರು ಇಪ್ಪತ್ತು ನಿಮಿಷಗಳ ಅಂತರವಿದ್ದು, ಅದು ಸುಮಾರು ಎಪ್ಪತ್ತು ವರ್ಷಗಳಿಗೆ ಒಂದು ದಿನವಾಗಿ ಕೂಡುತ್ತದೆ. ಕ್ರಿ. ಶ. 6ನೆಯ ಶತಮಾನದ ವರಾಹಮಿಹಿರನ ಕಾಲದಲ್ಲಿ ದಕ್ಷಿಣಾಯನವೂ ಕರ್ಕಾಟಕಾದಿಯೂ ಒಂದಾಗಿದ್ದವು. ಹಿಂದೆ ಆಶ್ಲೇಷೆಯ ಅರ್ಧದಲ್ಲಿ ಆಗುತ್ತಿದ್ದ ಅಯನವು ತನ್ನ ಕಾಲದಲ್ಲಿ ಕರ್ಕಾಟಕದ ಆದಿಗೆ ಬಂದಿದೆಯೆಂದು ಅವನೇ ಬೃಹತ್ಸಂಹಿತೆಯಲ್ಲಿ ತಿಳಿಸಿ, ಇಂತಹ ವ್ಯತ್ಯಾಸವನ್ನು ಪ್ರತ್ಯಕ್ಷಪರೀಕ್ಷೆಯಿಂದ ಅರಿಯಬೇಕೆಂದು ವಿಧಿಸಿದ್ದಾನೆ. ಅಲ್ಲಿಂದೀಚೆಗೆ ಅಯನವು ಇನ್ನೂ ಹಿಂದಕ್ಕೆ ಸರಿದು, ಇಂದು ಮೃಗಶಿರೆ ಆರ್ದ್ರೆಗಳ ಸಂಧಿಯಲ್ಲಿದೆ. ಅಯನಾಂಶವು ಸುಮಾರು 24. ಈ ಕಾಲದಲ್ಲಿ ಮಂದಗತಿಯಲ್ಲಿರುವ ಸೂರ್ಯನಿಗೆ ಅಷ್ಟನ್ನು ನಡೆಯಲು ಸುಮಾರು 25 ದಿನ ಬೇಕು. ಜೂನ್ 21ರ ನಿಜವಾದ ದಕ್ಷಿಣಾಯನಕ್ಕೂ ಜುಲೈ 16ರ ಸಂಕ್ರಮಣಕ್ಕೂ ಇರುವ ಅಂತರ ಇದೇ.

ಉಳಿದುದು 16 ದಿನ. ಇದು ಕಾಲದ ದೋಷವಲ್ಲ, ದೇಶದ ಭೇದ. ಋತುವಿಭಾಗವನ್ನು ರೂಪಿಸಿದ ಶಾಸ್ತ್ರಕಾರರ ದೃಷ್ಟಿಯಲ್ಲಿದ್ದುದು ಉಜ್ಜಯಿನಿ, ಕಾಶಿ ಮೊದಲಾದ ಉತ್ತರದ ನಾಡುಗಳು. ತೆಂಕಣ ಕಡಲಿಂದ ಹೊರಟ ಮುಂಗಾರು ಆ ನಾಡುಗಳನ್ನು ಮುಟ್ಟುವುದು ಜೂನ್ ಮೂರನೆಯ ವಾರದಲ್ಲಿ, ದಕ್ಷಿಣಾಯನದ ಸಮಯಕ್ಕೆ ಸರಿಯಾಗಿ. ಅಲ್ಲಿ ಜ್ಯೇಷ್ಠವೆಲ್ಲ ಸುಡುಬಿಸಿಲು. ಹಾಲಾಡಿಯು ಮುಂಗಾರಿನ ದಾರಿಯಲ್ಲಿ ಮೊದಲೇ ಸಿಗುವ ಊರಾದುದರಿಂದ ಎರಡು ವಾರ ಮುಂಚಿತವಾಗಿಯೇ ನೆನೆಯುವುದು. ಹೀಗೆ 41 ದಿನಗಳ ವಿರೋಧದಲ್ಲಿ 25 ದಿನಗಳು ಅಯನಚಲನದವು, 16 ದಿನಗಳು ದೇಶಭೇದದವು. ವರಾಹಮಿಹಿರನ ಕಾಲದಲ್ಲಿ, ಮುಂಗಾರಿನ ನಡೆ ಇಂದಿನಂತೆಯೇ ಇದ್ದಿತೆಂದು ಇಟ್ಟುಕೊಂಡರೆ, ಈ ಕರಾವಳಿಯಲ್ಲಿ ಕುಳಿತವನಿಗೆ ಎರಡನೆಯ ಭಾಗವಷ್ಟೇ ಕಾಣುತ್ತಿದ್ದಿತು.

ಇಲ್ಲಿ ಒಂದು ಎಚ್ಚರಿಕೆ ಅವಶ್ಯ. ಆರ್ದ್ರಾ ಎಂದರೆ ತೊಯ್ದವಳು. ವರಾಹಮಿಹಿರನ ಕಾಲದಲ್ಲಿ ಸೂರ್ಯನು ಆರ್ದ್ರೆಯನ್ನು ಹೊಗುತ್ತಿದ್ದುದು ಈಗಿನ ಲೆಕ್ಕದ ಜೂನ್ ಆದಿಗೆ ಸಮನಾದ ದಿನ. ಇವೆರಡನ್ನು ಜೋಡಿಸಿ, ಮಳೆಯ ಆರಂಭದಿಂದಲೇ ಆ ಹೆಸರು ಬಂದಿತೆಂದು ಸಾಧಿಸುವ ಆಸೆ ಯಾರಿಗಾದರೂ ಹುಟ್ಟೀತು. ಆದರೆ ನಕ್ಷತ್ರದ ಹೆಸರು ವೇದಕಾಲದ್ದು. ಆ ಕಾಲಕ್ಕೆ ಲೆಕ್ಕವನ್ನು ಒಯ್ದರೆ ಆರ್ದ್ರಾಪ್ರವೇಶವು ಮೇ ತಿಂಗಳಿಗೆ ಸರಿದು, ವಾದವು ನಿಲ್ಲದಾಗುತ್ತದೆ. ಶಬ್ದಸಾಮ್ಯವೊಂದನ್ನೇ ನಂಬಿ ಕಾಲನಿರ್ಣಯಕ್ಕೆ ತೊಡಗಬಾರದು.

ಗಾದೆಗಳ ವಿಷಯದಲ್ಲಿಯೂ ಇದೇ ಗಣಿತ ಉಪಯೋಗಕ್ಕೆ ಬರುವುದು. ಮಳೆನಕ್ಷತ್ರಗಳು ಋತುವಿನಿಂದ ಸರಿಯುತ್ತಿರುವುದರಿಂದ ಗಾದೆಗಳೆಲ್ಲ ಸುಳ್ಳಾದುವೆಂದು ಕೆಲವರು ಭಾವಿಸುವುದುಂಟು. ಒಂದು ಗಾದೆಯ ವಯಸ್ಸು ಮುನ್ನೂರು ವರ್ಷವೆಂದು ಇಟ್ಟುಕೊಂಡರೂ ಸರಿದಿರುವುದು ನಾಲ್ಕು ದಿನ. ಮಳೆಯು ತಾನಾಗಿ ವರ್ಷದಿಂದ ವರ್ಷಕ್ಕೆ ಹಿಂದೆಮುಂದೆ ಆಗುವುದು ಒಂದು ವಾರ. ಆದಕಾರಣ ಗಾದೆಗಳಿಗೆ ಅಯನಚಲನದಿಂದ ಇನ್ನೂ ಹಾನಿ ಒದಗಿಲ್ಲ. ಅವುಗಳಿಗೆ ಹಾನಿ ಒದಗುವುದು ಒಂದು ಸೀಮೆಯದನ್ನು ಇನ್ನೊಂದು ಸೀಮೆಗೆ ಹೊತ್ತು ತಂದಾಗ. ರೋಹಿಣಿಯ ಮಳೆಗೂ ಜೋಳಕ್ಕೂ ಗಂಟುಹಾಕುವ ಗಾದೆಯು ಬಯಲುಸೀಮೆಯಲ್ಲಿ ಅನುಭವದ ಸಾರ. ಜೋಳವನ್ನು ಬೆಳೆಯದ ಹಾಲಾಡಿಯಲ್ಲಿ ಅದು ಬರಿಯ ಪ್ರಾಸ. ಪಾಠಪುಸ್ತಕಗಳು ಗಾದೆಗಳನ್ನು ಸೀಮೆಯ ಹೆಸರಿಲ್ಲದೆ ಅಚ್ಚುಮಾಡುವುದರಿಂದ ಆಗುವ ನಷ್ಟ ಇದು.

5. ಶಾಸ್ತ್ರದಲ್ಲಿ ಮಳೆಯ ಅಳತೆ

ಪ್ರಾಚೀನರಿಗೆ ದೇಶಭೇದವು ತಿಳಿಯದೆ ಇರಲಿಲ್ಲ. ಕೌಟಿಲ್ಯನು ಕೋಷ್ಠಾಗಾರದಲ್ಲಿ ಒಂದು ಅರತ್ನಿಯಷ್ಟು ಬಾಯಗಲದ ಪಾತ್ರೆಯನ್ನಿಟ್ಟು ಮಳೆಯನ್ನು ಅಳೆಯಬೇಕೆಂದು ವಿಧಿಸಿದ್ದಾನೆ. ಸೀತಾಧ್ಯಕ್ಷಪ್ರಕರಣದಲ್ಲಿ ಜಾಂಗಲದೇಶಕ್ಕೆ 16 ದ್ರೋಣ, ಅನೂಪಕ್ಕೆ ಅದರ ಒಂದೂವರೆಯಷ್ಟು, ಅಶ್ಮಕಕ್ಕೆ ಹದಿಮೂರೂವರೆ, ಅವಂತಿಗೆ 23 ಎಂದು ಗೊತ್ತುಮಾಡಿ, ಅಪರಾಂತದ ಮಳೆಗೆ ಅಳತೆಯೇ ಇಲ್ಲವೆಂದು ಬಿಟ್ಟಿದ್ದಾನೆ. ಅಪರಾಂತವೆಂದರೆ ಪಡುವಣ ಕರಾವಳಿ, ವಿಶೇಷವಾಗಿ ಕೊಂಕಣ. ಹಾಲಾಡಿಯ ನಾಡು ಅದೇ ತೀರದ ತೆಂಕಣ ಮುಂದುವರಿಕೆ. ಎಲ್ಲವನ್ನೂ ಎಣಿಸಿ ಬರೆದಿಡುವ ಶಾಸ್ತ್ರಕಾರನು ಇಲ್ಲಿ ಎಣಿಕೆಯನ್ನು ಕೈಬಿಟ್ಟನೆಂಬುದು ಗಮನಾರ್ಹ. ಮಳೆಗಾಲದ ಮೊದಲ ಮತ್ತು ಕೊನೆಯ ತಿಂಗಳುಗಳಲ್ಲಿ ಮೂರನೆಯ ಒಂದು ಪಾಲೂ ನಡುವಣ ಎರಡು ತಿಂಗಳುಗಳಲ್ಲಿ ಉಳಿದ ಎರಡು ಪಾಲೂ ಬೀಳುವುದು ಉತ್ತಮವೆಂಬುದು ಅವನ ಇನ್ನೊಂದು ಮಾತು. ಹಾಲಾಡಿಯ ಮಳೆಯು ಈ ಮಾದರಿಗೂ ಪೂರ್ತಿಯಾಗಿ ಒಗ್ಗದು. ಇಲ್ಲಿ ಮೊದಲ ತಿಂಗಳೇ ಧಾರಾಳವಾಗಿ ಸುರಿದು, ಕೊನೆಯ ತಿಂಗಳು ಇಳಿಮುಖವಾಗುವುದು.

ವರಾಹಮಿಹಿರನೂ ಗರ್ಭಲಕ್ಷಣ, ಗರ್ಭಧಾರಣ, ಪ್ರವರ್ಷಣಗಳೆಂಬ ಅಧ್ಯಾಯಗಳಲ್ಲಿ ಮಳೆಯನ್ನು ವಿಚಾರಿಸಿದ್ದಾನೆ. ಮೋಡವು ಗರ್ಭ ಧರಿಸಿದ 195 ದಿನಗಳ ಮೇಲೆ ಮಳೆಯಾಗಿ ಹೆರುವುದೆಂಬ ಅವನ ಮತವನ್ನು ಇಂದಿನ ವಾಯುವಿಜ್ಞಾನವು ಒಪ್ಪದು. ಆದರೂ ಒಂದು ಹಸ್ತದ ಪಾತ್ರೆಯಲ್ಲಿ ನೀರನ್ನು ಹಿಡಿದು, 50 ಪಲಗಳಿಗೆ ಒಂದು ಆಢಕವೆಂದು ತೂಗಬೇಕೆಂಬ ವಿಧಿಯಲ್ಲಿ ಊಹೆಯನ್ನು ಅಳತೆಯಿಂದ ಪರೀಕ್ಷಿಸುವ ಬುದ್ಧಿ ಕಾಣುವುದು.

6. ಜನಜೀವನದ ಕಾಲವಿಭಾಗ

ಹಾಲಾಡಿಯ ಒಕ್ಕಲು ಮಕ್ಕಳಿಗೆ ಆರು ಋತುಗಳಿಲ್ಲ. ಬೇಸಗೆ, ಮಳೆಗಾಲ, ಚಳಿಗಾಲ ಎಂಬ ಮೂರೇ. ಮಳೆಗಾಲದೊಳಗೆ ಮಾತ್ರ ನಕ್ಷತ್ರಗಳೂ ಸೌರಮಾಸಗಳೂ ಸೂಕ್ಷ್ಮವಾಗಿ ಎಣಿಕೆಗೆ ಬರುತ್ತವೆ. ರೋಹಿಣಿಯ ಹೊತ್ತಿಗೆ ಅಗೆ ಹಾಕುವುದು, ಮೃಗಶಿರೆ ಆರ್ದ್ರೆಗಳಲ್ಲಿ ಉಳುಮೆ, ನಟ್ಟಿ. ಗದ್ದೆಗಳೂ ನೀರಿನ ಲೆಕ್ಕದಿಂದಲೇ ಮೂರು ಬಗೆ: ತಗ್ಗಿನಲ್ಲಿ ನೀರು ನಿಲ್ಲುವುದು ಬೈಲು, ನಡುವಣದು ಮಜಲು, ಮಳೆಯನ್ನೇ ನಂಬಿದ ಎತ್ತರದ್ದು ಬೆಟ್ಟು. ಬೆಟ್ಟಿನಲ್ಲಿ ಒಂದೇ ಬೆಳೆ. ಬೈಲಿನಲ್ಲಿ ಮಳೆಗಾಲದ ಕಾರ್ತಿಯಾದ ಮೇಲೆ ಸುಗ್ಗಿ, ನೀರಿದ್ದಲ್ಲಿ ಕೊಳಕೆ.

ಕರ್ಕಾಟಕಮಾಸಕ್ಕೆ ಇಲ್ಲಿ ಆಸಾಡಿಯೆಂದು ಹೆಸರು. ಆಷಾಢಶಬ್ದದ ತದ್ಭವವಾದರೂ ಇದು ಚಾಂದ್ರಾಷಾಢವಲ್ಲ, ಸೌರಮಾಸ; ಈ ಭೇದವನ್ನು ಮರೆತರೆ ಅರ್ಥ ಕೆಡುವುದು. ನಟ್ಟಿಯ ಕೆಲಸ ಮುಗಿದು, ಹಳೆಯ ಅಕ್ಕಿ ತೀರುತ್ತ ಬಂದು, ಹೊಸ ತೆನೆಗೆ ಇನ್ನೂ ದಿನವಿರುವ ಇಕ್ಕಟ್ಟಿನ ತಿಂಗಳದು. ಕೆಸುವಿನ ಸೊಪ್ಪು, ಚಗಟೆ ಸೊಪ್ಪು, ಕಳಲೆ, ಉಪ್ಪಿನಲ್ಲಿ ಹಾಕಿಟ್ಟ ಹಲಸಿನ ಸೊಳೆ, ಬೇಸಗೆಯ ಬಿಸಿಲಿನಲ್ಲಿ ಒಣಗಿಸಿಟ್ಟ ಹಪ್ಪಳ ಇವೇ ಆಗಿನ ಆಧಾರ. ಗೊರಬು ಹೊದ್ದು ಗದ್ದೆಯಲ್ಲಿ ಬಾಗಿ ನಿಂತವರಿಗೆ ಮೇಘದರ್ಶನವು ಶೃಂಗಾರದ ಉದ್ದೀಪನವಾಗಿರಲಿಲ್ಲ. ಮುಂದಣ ಸಿಂಹಮಾಸವೇ ಸೋಣೆ; ಹೊಸ್ತಿಲು ಪೂಜೆಯ ತಿಂಗಳು. ತೆನೆ ಬಂದಾಗ ಹೊಸ್ತು. ಕುಂದಾಪುರದ ಕನ್ನಡವನ್ನಾಡುವವರು 2019ರಿಂದ ತಮ್ಮ ನುಡಿಯ ದಿನವನ್ನು ಆಚರಿಸುತ್ತಿರುವುದು ಆಸಾಡಿಯ ಅಮಾವಾಸ್ಯೆಯಂದು ಎಂಬುದರಿಂದ ಆ ತಿಂಗಳು ಜನರ ಮನಸ್ಸಿನಲ್ಲಿ ಎಷ್ಟು ಆಳವಾಗಿ ನೆಲಸಿದೆಯೆಂದು ತಿಳಿಯಬಹುದು.

ಕಲೆಯೂ ವ್ಯಾಪಾರವೂ ಯುದ್ಧವೂ ಈ ಕಾಲವಿಭಾಗಕ್ಕೆ ಒಳಪಟ್ಟಿದ್ದವು. ಯಕ್ಷಗಾನ ಮೇಳಗಳ ತಿರುಗಾಟವು ದೀಪಾವಳಿಯ ಅನಂತರ ಮೊದಲಾಗಿ ಮೇ ತಿಂಗಳ ಕೊನೆಗೆ ನಿಲ್ಲುವುದು. ಮಳೆಯ ದಿನಗಳಲ್ಲಿ ಗೆಜ್ಜೆಯಿಲ್ಲದ ತಾಳಮದ್ದಳೆ. ಮುಂಗಾರಿನಲ್ಲಿ ಅಳಿವೆಗಳು ಹಡಗುಗಳಿಗೆ ಮುಚ್ಚಿದಂತೆಯೇ. ಅಕ್ಕಿಯ ವ್ಯಾಪಾರಕ್ಕೆ ಹೆಸರಾಗಿದ್ದ ಬಸರೂರಿನ ಮೇಲೆ ಶಿವಾಜಿಯು ನೌಕಾಸೈನ್ಯದೊಡನೆ ಬಂದುದು 1665ರ ಫೆಬ್ರವರಿಯಲ್ಲಿ, ಕಡಲು ಶಾಂತವಾಗಿದ್ದಾಗ. ಇಂದಿಗೂ ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಂತ್ರದ ದೋಣಿಗಳ ಮೀನುಗಾರಿಕೆಗೆ ಸರಕಾರದ ನಿಷೇಧವಿದೆ.

7. ಕಾವ್ಯಪಾಠಕ್ಕೆ ಇದರ ಪ್ರಯೋಜನ

ಅಷ್ಟಾದಶವರ್ಣನೆಗಳಲ್ಲಿ ಋತುವರ್ಣನೆಯು ಸೇರಿರುವುದರಿಂದ ಕನ್ನಡ ಕವಿಗಳೂ ಆರು ಋತುಗಳನ್ನು ಕ್ರಮವಾಗಿ ವರ್ಣಿಸಿದರು. ಆದರೆ ಎಲ್ಲರೂ ಪರಂಪರೆಯನ್ನಷ್ಟೇ ನೋಡಿ ಬರೆದವರಲ್ಲ. ಉಡುಪಿಯಲ್ಲಿ ಅಂಗಸಾಧನೆಯ ಶಿಕ್ಷಕನಾಗಿದ್ದ ಮುದ್ದಣನು ಶ್ರೀರಾಮಾಶ್ವಮೇಧವನ್ನು ಮಳೆಗಾಲದಿಂದ ಆರಂಭಿಸಿ, ಮನೋರಮೆಯು ಕಥೆ ಕೇಳುವ ಪ್ರಸಂಗವನ್ನು ಅಲ್ಲಿಯೇ ಇಟ್ಟಿದ್ದಾನೆ. ಹೊರಗಣ ಕೆಲಸ ನಿಂತು ಮನೆಯೊಳಗೆ ಪುರಾಣವಾಚನವೂ ತಾಳಮದ್ದಳೆಯೂ ನಡೆಯುವ ಕರಾವಳಿಯ ಮಳೆಗಾಲವನ್ನು ಬಲ್ಲವರಿಗೆ ಈ ಆರಂಭವು ಎಷ್ಟು ಸಹಜವೆಂದು ಹೊಳೆಯುವುದು. ಬಲ್ಲದವರಿಗೆ ಅದು ಒಂದು ಋತುವರ್ಣನೆ ಮಾತ್ರ. ಕೋಟದಲ್ಲಿ 1902ರಲ್ಲಿ ಹುಟ್ಟಿದ ಶಿವರಾಮ ಕಾರಂತರ ಮರಳಿ ಮಣ್ಣಿಗೆ ಕಾದಂಬರಿಯನ್ನು ಪಾಠ ಹೇಳುವವರಿಗೂ ಕಡಲು, ಮಳೆ, ಗದ್ದೆಗಳ ಈ ಸಂಬಂಧ ತಿಳಿದಿರುವುದು ಅವಶ್ಯ.

ಮೇಘದೂತದಲ್ಲಿ ಯಕ್ಷನು ಮೋಡವನ್ನು ಕಾಣುವ ಆಷಾಢದಿನದ ವಿಷಯದಲ್ಲಿಯೂ ಪ್ರಥಮವೆಂಬುದಕ್ಕೆ ಪ್ರಶಮವೆಂಬ ಪಾಠಾಂತರವನ್ನು ವ್ಯಾಖ್ಯಾನಕಾರರು ಚರ್ಚಿಸಿರುವುದು ಪ್ರಸಿದ್ಧ. ಚರ್ಚೆಯ ಮೂಲವು ಪದದ್ದಾದರೂ, ಯಾವ ದೇಶದಲ್ಲಿ, ಯಾವ ದಿನ ಮೋಡ ಕಾಣಿಸುವುದೆಂಬ ಪ್ರಶ್ನೆಯನ್ನು ಅದರಿಂದ ಬೇರ್ಪಡಿಸಲಾಗದು. ಕಾವ್ಯದ ಋತುವನ್ನು ಅರಿಯಲು ಆ ಕಾವ್ಯದ ಆಕಾಶವನ್ನು ಅರಿಯಬೇಕು.

ನುಡಿಯ ವಿಷಯದಲ್ಲಿಯೂ ಹೀಗೆಯೇ. ಕಾರ್ ಎಂದರೆ ಕಪ್ಪು, ಮೋಡ, ಮಳೆಗಾಲ. ಅದರಿಂದಲೇ ಕಾರ್ಮುಗಿಲು, ಮುಂಗಾರು, ಹಿಂಗಾರುಗಳು. ಬಿಡದೆ ಹೊಯ್ಯುವುದು ಜಡಿ, ಸಣ್ಣಗೆ ಹಿಡಿದುದು ಸೋನೆ, ನಡುವೆ ಬಿಟ್ಟು ಬೆಳಕಾಗುವುದು ಹೊಳವು. ದಿಕ್ಕುಗಳನ್ನು ಮೂಡು, ಪಡು, ತೆಂಕು, ಬಡಗು ಎಂದು ಅಚ್ಚಗನ್ನಡದಲ್ಲಿಯೇ ಉಳಿಸಿಕೊಂಡ ನಾಡು ಮಳೆಯ ಮಾತುಗಳನ್ನೂ ಬಹುಕಾಲ ಕಾಪಾಡಿದೆ. ಆದರೆ ಬೆಟ್ಟುಗದ್ದೆಗಳು ಪಾಳುಬಿದ್ದು, ಗೊರಬಿನ ಜಾಗಕ್ಕೆ ಕೊಡೆಯೂ ಪ್ಲಾಸ್ಟಿಕ್ಕೂ ಬಂದಮೇಲೆ ಆ ವಸ್ತುಗಳೊಡನೆ ಅವುಗಳ ಹೆಸರೂ ಹೋಗುತ್ತಿವೆ. ಮಳೆಯ ಸ್ವಭಾವವೂ ನಿಂತಲ್ಲಿ ನಿಂತಿಲ್ಲ: ಅರಬ್ಬೀ ಸಮುದ್ರವು ಹೆಚ್ಚು ಕಾಯುತ್ತಿರುವುದನ್ನು ವಿಜ್ಞಾನಿಗಳು ಅಳೆದು ತೋರಿಸಿದ್ದಾರೆ; 2021ರ ಮೇ ತಿಂಗಳಲ್ಲಿ ತೌಕ್ತೆಯೆಂಬ ಚಂಡಮಾರುತವು ಕೃತ್ತಿಕೆಯ ದಿನಗಳಲ್ಲಿಯೇ ಈ ತೀರವನ್ನು ಅಪ್ಪಳಿಸಿತು.

ಆದಕಾರಣ ಉಪಾಧ್ಯಾಯರು ಮಾಡಬಹುದಾದ ಕೆಲಸ ಒಂದಿದೆ. ವಿದ್ಯಾರ್ಥಿಗಳಿಂದ ಅವರವರ ಊರಿನ ಮಳೆಯ ಮಾತುಗಳನ್ನೂ ಗಾದೆಗಳನ್ನೂ, ಹೇಳಿದವರ ಗ್ರಾಮ, ಗದ್ದೆಯ ಬಗೆ, ಬೆಳೆ ಇವುಗಳ ವಿವರದೊಡನೆ ಬರೆಯಿಸಿ ಇಡುವುದು. ಗ್ರೀಷ್ಮವನ್ನು ಪಾಠ ಹೇಳುವಾಗ ಅದು ಯಾವ ನಾಡಿನ ಗ್ರೀಷ್ಮವೆಂದು ತಿಳಿಸಿ, 41 ದಿನಗಳ ಲೆಕ್ಕವನ್ನು ಕರಿಹಲಗೆಯ ಮೇಲೆ ಬಿಡಿಸಿ ತೋರಿಸುವುದು. ಶಾಸ್ತ್ರವನ್ನು ಪ್ರತ್ಯಕ್ಷದಿಂದ ಪರೀಕ್ಷಿಸಬೇಕೆಂದು ಹೇಳಿದವನು ವರಾಹಮಿಹಿರನೇ. ಹಾಲಾಡಿಯ ಮಕ್ಕಳಿಗೆ ಆ ಪ್ರತ್ಯಕ್ಷವು ಪಾಠಶಾಲೆಯ ಕಿಟಕಿಯ ಹೊರಗೆಯೇ ಸುರಿಯುತ್ತಿದೆ.